ಇಪ್ಪತ್ತೆಂಟು ಮಣಿಗಳ ಸರ

ಸಂಘದ ಮಾಸಿಕದ ಈ ಪುಟಗಳಲ್ಲಿ ಸಾಮಾನ್ಯವಾಗಿ ಕಾದಂಬರಿಯದೋ ಕವನಸಂಗ್ರಹದ್ದೋ ಸಂಘದ ವೇದಿಕೆಯ ಮೇಲೆ ಆಡಿದ ನಾಟಕದ್ದೋ ವಿಮರ್ಶೆ ಬರುತ್ತದೆ. ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಮಣಿಸರವನ್ನು. ಅದರಲ್ಲಿ 28 ಮಣಿಗಳಿದ್ದುವು. ಅದನ್ನು ಪೋಣಿಸಿದ್ದು ಮದುವೆಗಲ್ಲ, ಜಪಕ್ಕಲ್ಲ, ಹೆಂಗಸರು ಬಸಿರಾಗದಿರಲೆಂದು. ಇಷ್ಟು ಹೇಳುತ್ತಲೇ ‘ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೆಂಥ ವಿಷಯ?’ ಎಂದು ಹುಬ್ಬೇರಿಸುವ ಹಿರಿಯರಿದ್ದಾರೆಂಬುದು ನಮಗೆ ಗೊತ್ತು. ಮನೆಮಂದಿಯೆಲ್ಲ ಓದುತ್ತಾರೆಂಬ ಕಾರಣಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಮನ್ನಿಸಬೇಕು.

ಮೊದಲು ಸರದ ಕಥೆ. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. ಹಾಗೆ ಮಾಡಿದ ದೇಶಗಳಲ್ಲಿ ನಮ್ಮದೇ ಮೊದಲನೆಯದು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕೆ 65 ಲಕ್ಷ ರೂಪಾಯಿ ತೆಗೆದಿರಿಸಲಾಯಿತು. ಆಗ ಆರೋಗ್ಯ ಸಚಿವೆಯಾಗಿದ್ದವರು ಗಾಂಧೀಜಿಯವರ ಶಿಷ್ಯೆ ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯವರಿಗೆ ಕೃತಕ ಸಾಧನಗಳು ಒಪ್ಪಿಗೆಯಾಗಿರಲಿಲ್ಲ. 1935ರ ಡಿಸೆಂಬರಿನಲ್ಲಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೇ ಬಂದು ವಾದಿಸಿದರೂ ಅವರು ಮಣಿಯಲಿಲ್ಲ. ತಿಂಗಳಿನ ‘ಸುರಕ್ಷಿತ ದಿನಗಳ’ ಪದ್ಧತಿಯಲ್ಲಿ ಕೆಲವು ದಿನಗಳ ಸಂಯಮವಾದರೂ ಇದೆಯೆಂದು ಅದೊಂದರ ಬಗ್ಗೆ ಮಾತ್ರ ಅಷ್ಟು ಕಠಿಣರಾಗಿರಲಿಲ್ಲ. ಸಚಿವೆಯವರೂ ಅದೇ ದಾರಿ ಹಿಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ನ್ಯೂಯಾರ್ಕಿನ ಡಾ. ಏಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಎರಡು ಸ್ಥಳಗಳನ್ನು ಆರಿಸಲಾಯಿತು: ಒಂದು ದಿಲ್ಲಿಯ ಲೋದಿ ಕಾಲೊನಿ, ಇನ್ನೊಂದು ಅಂದಿನ ಮೈಸೂರು ಸಂಸ್ಥಾನದ ರಾಮನಗರ.

ಓದುಗರು ಈ ಜೋಡಿಯನ್ನು ಒಂದು ಗಳಿಗೆ ಗಮನಿಸಬೇಕು. ಒಂದು ನಮ್ಮಂಥ ಸರ್ಕಾರಿ ನೌಕರರ ವಸತಿ. ಇನ್ನೊಂದು ನಮ್ಮ ನಾಡಿನ ರೇಷ್ಮೆಯ ಊರು. ದಿಲ್ಲಿ ಕನ್ನಡಿಗನಾದ ಗುಮಾಸ್ತನೊಬ್ಬನಿಗೆ ಈ ಪ್ರಯೋಗ ಎರಡೂ ಕಡೆಯಿಂದ ನೆಂಟು.

ಅಲ್ಲಿ ಹೆಂಗಸರಿಗೆ ಕೊಟ್ಟದ್ದೇ ಈ ಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ. ಕೆಂಪು ಮಣಿ ಬಂದರೆ ಗಂಡಹೆಂಡತಿ ದೂರವಿರಬೇಕು. ಕಾಗದದ ಮೇಲೆ ಅಚ್ಚುಕಟ್ಟಾದ ಯೋಜನೆ. ಆಮೇಲೆ ನಡೆದದ್ದರ ಬಗ್ಗೆ ಹಲವು ಕಥೆಗಳು ಉಳಿದು ಬಂದಿವೆ. ಕೆಲವರು ಮಣಿಯನ್ನು ಹಿಂದುಮುಂದಾಗಿ ಸರಿಸಿದರಂತೆ. ಕತ್ತಲಲ್ಲಿ ಹಸಿರು ಯಾವುದು ಕೆಂಪು ಯಾವುದು ತಿಳಿಯಲಿಲ್ಲವಂತೆ. ಸರವನ್ನು ಕೊರಳಲ್ಲಿ ಹಾಕಿಕೊಂಡರೆ ಸಾಕು, ತಾಯಿತದಂತೆ ಅದೇ ಕಾಯುತ್ತದೆಂದು ಕೆಲವರು ನಂಬಿದರಂತೆ. ಇನ್ನು ಕೆಲವರು, ಕೊರಳಿಗೆ ಮಣಿ ಕಟ್ಟುವುದು ದನಗಳಿಗೆ ಎಂದು ಅದನ್ನು ಧರಿಸಲೇ ಇಲ್ಲವಂತೆ. ಕೊನೆಗೆ ಸರ್ಕಾರ ಈ ದಾರಿಯನ್ನು ಬಿಟ್ಟು ಬೇರೆ ಸಾಧನಗಳತ್ತ ತಿರುಗಿತು.

ಈ ಕಥೆಗಳನ್ನು ಹೇಳುವವರು ನಗುತ್ತ ಹೇಳುತ್ತಾರೆ. ‘ಪಾಪ, ಓದುಬರಹವಿಲ್ಲದ ಹೆಂಗಸರು’ ಎಂಬ ಧಾಟಿ ಅದರಲ್ಲಿರುತ್ತದೆ. ನಮ್ಮ ವಿಮರ್ಶೆಯ ಮೊದಲನೆಯ ಆಕ್ಷೇಪ ಇದೇ. ತಪ್ಪು ಹೆಂಗಸರದಲ್ಲ, ಸರದ್ದು. ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ನೋಡಿ ಹೇಳುತ್ತಿದ್ದೇವೆ. ಇದನ್ನು ಬರೆಯಲು ನಮ್ಮ ಮನೆಯವರ ಒಪ್ಪಿಗೆ ಪಡೆದಿದ್ದೇವೆ. ಕರಡನ್ನು ಅವರೇ ಓದಿ ಎರಡು ಕಡೆ ತಿದ್ದಿದ್ದಾರೆ.

ನಾವು ಕೇಂದ್ರ ಸರ್ಕಾರದ ಗುಮಾಸ್ತರು, ಬಿ.ಎಸ್‌ಸಿ. ಓದಿದವರು, ವಸಂತ್ ಕುಂಜದ ಡಿ.ಡಿ.ಎ. ಫ್ಲ್ಯಾಟೊಂದರಲ್ಲಿ ಬಾಡಿಗೆಗಿದ್ದೇವೆ. ಹಿರಿಯ ಮಗಳಿಗೆ ನಾಲ್ಕು ವರ್ಷ ತುಂಬಿದ್ದಾಗ, ಇನ್ನು ಮಕ್ಕಳು ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದೆವು. ವಿಧಾನವನ್ನು ಮಾತ್ರ ನಾವೊಬ್ಬರೇ ತೀರ್ಮಾನಿಸಿದೆವು. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದ ಹೆಮ್ಮೆ ಇತ್ತಲ್ಲ! ಕಚೇರಿಯಿಂದ ಬಂದ ಡೈರಿಯಲ್ಲಿ ಎಂಟು ತಿಂಗಳ ತಾರೀಖು ಬರೆದೆವು. ಸೂತ್ರ ಸರಳ: ಅತಿ ಚಿಕ್ಕ ಋತುಚಕ್ರದ ದಿನಗಳಿಂದ 18 ಕಳೆ, ಅತಿ ದೀರ್ಘ ಚಕ್ರದ ದಿನಗಳಿಂದ 11 ಕಳೆ. ನಮ್ಮ ಲೆಕ್ಕದಲ್ಲಿ ಚಿಕ್ಕದು 26, ದೀರ್ಘ 31. ಅಂದರೆ 8ನೆಯ ದಿನದಿಂದ 20ನೆಯ ದಿನದವರೆಗೆ ಅಪಾಯ. ಆ ದಿನಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆವು. ಈಗ ನೆನೆದರೆ, ಅದು ಲೋದಿ ಕಾಲೊನಿಯ ಸರವೇ. ದಾರದ ಬದಲು ಡೈರಿಯ ಹೊಲಿಗೆ.

ಒಂದೂವರೆ ವರ್ಷ ಎಲ್ಲವೂ ಸುಸೂತ್ರ. ಆಮೇಲೊಮ್ಮೆ ಹಾಸನದಲ್ಲಿ ಅತ್ತೆಯವರಿಗೆ ಕಾಯಿಲೆ ಎಂದು ಸುದ್ದಿ ಬಂದು ನಮ್ಮ ಮನೆಯವರು ರೈಲಿನಲ್ಲಿ ಎರಡು ರಾತ್ರಿ ಕಳೆದು ಊರಿಗೆ ಹೋದರು. ಅಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿದ್ದೆಗೆಟ್ಟರು, ಬಳಲಿ ಹಿಂತಿರುಗಿದರು. ಡೈರಿಯ ಪ್ರಕಾರ ಅಂದು 22ನೆಯ ದಿನ, ಹಸಿರು ಮಣಿ. ಮುಂದಿನ ತಿಂಗಳು ಮುಟ್ಟು ಬರಲಿಲ್ಲ.

ಆದದ್ದೇನೆಂದು ಆಮೇಲೆ ಓದಿ ತಿಳಿದೆವು. ಅಂಡಾಣು ಬಿಡುಗಡೆಯಾಗುವುದು ಹಿಂದಿನ ಮುಟ್ಟಿನಿಂದ ಇಷ್ಟನೆಯ ದಿನ ಎಂದಲ್ಲ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಮುಂದಿನದು ಎಂದು ಬರುತ್ತದೆಂದು ಯಾವ ಪಂಚಾಂಗ ಹೇಳೀತು? ಕಾಯಿಲೆ, ಪ್ರಯಾಣ, ಆತಂಕ, ನಿದ್ದೆಗೇಡು ಇವುಗಳಿಂದ ಆ ದಿನ ಮುಂದಕ್ಕೆ ಹೋಗಬಹುದು. ಅಂಡಾಣುವಿನ ಆಯುಸ್ಸು ಒಂದು ದಿನದೊಳಗೆ; ವೀರ್ಯಾಣು ಮಾತ್ರ ಗರ್ಭಕೋಶದ ದಾರಿಯಲ್ಲಿ ಐದು ದಿನ ಕಾದಿರಬಲ್ಲದು. ಈ ಪದ್ಧತಿಗೆ ಮೂಲವಾದ ಸಂಶೋಧನೆ ಮಾಡಿದವರು ಜಪಾನಿನ ವೈದ್ಯ ಒಗಿನೊ, 1924ರಲ್ಲಿ. ಅವರ ಲೆಕ್ಕ ಮಕ್ಕಳಾಗಬೇಕೆನ್ನುವವರಿಗೆ ನೆರವಾಗಲೆಂದು. ಗರ್ಭ ತಡೆಯಲು ಅದನ್ನು ನೆಚ್ಚುವುದು ಅವರಿಗೇ ಸರಿತೋರಿರಲಿಲ್ಲ. ಬೀಜ ಬಿತ್ತುವ ಮುಹೂರ್ತವನ್ನು ಬೆಳೆ ತಡೆಯುವ ಮುಹೂರ್ತವನ್ನಾಗಿ ನಾವು ತಿರುಗಿಸಿಕೊಂಡೆವು.

ಇಬ್ಬರೂ ಕೂತು ಯೋಚಿಸಿ, ಗರ್ಭ ತೆಗೆಸುವುದೆಂದು ನಿಶ್ಚಯಿಸಿ ಆಸ್ಪತ್ರೆಗೆ ಹೋದೆವು. ಇಪ್ಪತ್ತು ವರ್ಷ ಫಾರಂಗಳ ನಡುವೆ ಬದುಕಿದವರು ನಾವು. ಕಾಗದ ಮುಂದಿಟ್ಟೊಡನೆ ಅಭ್ಯಾಸಬಲದಿಂದ ಜೇಬಿನಿಂದ ಪೆನ್ನು ತೆಗೆದೆವು. ಅಲ್ಲಿದ್ದ ನರ್ಸಮ್ಮ, ‘ನಿಮ್ಮದು ಬೇಕಿಲ್ಲ, ಅವರದು ಸಾಕು’ ಎಂದರು. ನಿಜ, ಕಾನೂನಿನ ಪ್ರಕಾರ ವಯಸ್ಕ ಹೆಂಗಸಿನ ಒಪ್ಪಿಗೆಯೊಂದೇ ಬೇಕಾದದ್ದು, ಗಂಡನ ಸಹಿಗೆ ಅಲ್ಲಿ ಜಾಗವಿಲ್ಲ. ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡೆವು. ಒಂದೂವರೆ ವರ್ಷ ಡೈರಿ ಬರೆದದ್ದು ನಾವು. ಸಹಿ ಹಾಕಿ ಒಳಗೆ ಹೋಗಬೇಕಾದದ್ದು ಅವರು. ಆ ಹೊತ್ತು ಆದ ನಾಚಿಕೆ ಇಂದಿಗೂ ಹೋಗಿಲ್ಲ.

ಮನೆಗೆ ಬಂದ ಮೇಲೆ ‘ನಮ್ಮ ಲೆಕ್ಕದಲ್ಲೇ ತಪ್ಪಾಯಿತೇನೋ’ ಎಂದೆವು. ಅವರು ಗೋಡೆಯ ಕಡೆ ತಿರುಗಿ ಮಲಗಿದ್ದವರು, ‘ನಿಮ್ಮ ಲೆಕ್ಕ ಸರಿಯಾಗೇ ಇತ್ತು ಬಿಡಿ. ನನ್ನ ಮೈಗೆ ನಿಮ್ಮ ಡೈರಿ ಓದೋಕ್ಕೆ ಬರಲ್ಲ ಅಷ್ಟೆ’ ಎಂದರು. ಸುರಕ್ಷಿತ ದಿನಗಳ ಪದ್ಧತಿಯ ಬಗ್ಗೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾವು ಬೇರೆಲ್ಲೂ ಓದಿಲ್ಲ.

ಗರ್ಭಪಾತದ ಕಾನೂನನ್ನು ಪ್ರಸ್ತಾಪಿಸಿದ್ದರಿಂದ ಒಂದು ಮಾತು. 1971ರ ಆ ಕಾಯಿದೆ, ಗರ್ಭನಿರೋಧಕ ಸಾಧನ ಅಥವಾ ವಿಧಾನ ಸೋತು ಬಸಿರಾದರೆ ಅದೂ ಗರ್ಭ ತೆಗೆಸಲು ಕಾರಣವೆಂದು ಒಪ್ಪುತ್ತದೆ. ಅಂದು ಅದು ಮದುವೆಯಾದ ಹೆಂಗಸು ಮತ್ತು ಆಕೆಯ ಗಂಡ ಬಳಸಿದ ಸಾಧನಕ್ಕೆ ಮಾತ್ರ ಅನ್ವಯಿಸುತ್ತಿತ್ತು. 2021ರ ತಿದ್ದುಪಡಿಯಲ್ಲಿ ‘ಯಾವುದೇ ಹೆಂಗಸು ಅಥವಾ ಆಕೆಯ ಸಂಗಾತಿ’ ಎಂದಾಯಿತು. ವಿಧಾನಗಳು ಸೋಲುತ್ತವೆಂಬುದನ್ನು ಸಂಸತ್ತೇ ಬರೆದಿಟ್ಟಿದೆ. ನಾವು ಮನೆಗಳಲ್ಲಿ ಮಾತ್ರ ಅದನ್ನು ಬಾಯಿಬಿಟ್ಟು ಆಡುವುದಿಲ್ಲ.

ಯಾವುದು ಎಷ್ಟು ಸೋಲುತ್ತದೆ? ಒಂದು ವಿಧಾನವನ್ನು ವರ್ಷವಿಡೀ, ಸಾಮಾನ್ಯ ಜನ ಅನುಸರಿಸುವಂತೆ ಅನುಸರಿಸಿದ 100 ಹೆಂಗಸರಲ್ಲಿ ಎಷ್ಟು ಮಂದಿ ಬಸಿರಾಗುತ್ತಾರೆಂದು ಅಮೆರಿಕದಲ್ಲಿ ಲೆಕ್ಕಹಾಕಿದ್ದಾರೆ. ಏನೂ ಮಾಡದಿದ್ದರೆ 85. ಗಂಡಸು ಕೊನೆಗಳಿಗೆಯಲ್ಲಿ ಹೊರತೆಗೆಯುವ ಪದ್ಧತಿಯಲ್ಲಿ ಸುಮಾರು 20. ದಿನ ಎಣಿಸುವ, ಮೈಯ ಬಿಸಿ ಅಳೆಯುವ ಪದ್ಧತಿಗಳಲ್ಲಿ ಬಗೆಬಗೆಗೆ 2ರಿಂದ 23. ನಿರೋಧಿನಲ್ಲಿ 13, ಪ್ರತಿಸಲವೂ ತಪ್ಪದೆ ಸರಿಯಾಗಿ ಬಳಸಿದರೆ 2. ದಿನದ ಗುಳಿಗೆಯಲ್ಲಿ 7. ವಂಕಿಯಲ್ಲಿ, ಅಂದರೆ ಕಾಪರ್-ಟಿ.ಯಲ್ಲಿ, ಒಂದಕ್ಕಿಂತ ಕಡಿಮೆ. ಹೆಂಗಸರ ಶಸ್ತ್ರಚಿಕಿತ್ಸೆಯಲ್ಲಿ ಇನ್ನೂರರಲ್ಲಿ ಒಬ್ಬರು. ಗಂಡಸರದರಲ್ಲಿ ಸಾವಿರಕ್ಕೆ ಒಬ್ಬಿಬ್ಬರು.

‘ನೂರರಲ್ಲಿ ಇಪ್ಪತ್ತು ತಾನೆ?’ ಎನ್ನುವವರಿಗೆ ಗುಮಾಸ್ತನ ಅಂಕಗಣಿತ. ಅದೇ ದರದಲ್ಲಿ ಐದು ವರ್ಷ ನಡೆದರೆ ನೂರರಲ್ಲಿ ಪಾರಾಗಿ ಉಳಿಯುವವರು ಸುಮಾರು 33 ಮಂದಿ. ಹೊರತೆಗೆಯುವ ಪದ್ಧತಿಯನ್ನು ನೆಚ್ಚಿದ ಗೆಳೆಯರೊಬ್ಬರು ‘ನಮಗೆ ಹತ್ತು ವರ್ಷದಿಂದ ಏನೂ ಆಗಿಲ್ಲ’ ಎನ್ನುತ್ತಾರೆ. ಹೆಲ್ಮೆಟ್ ಇಲ್ಲದೆ ಹತ್ತು ವರ್ಷ ಸ್ಕೂಟರ್ ಓಡಿಸಿದವರೂ ಹಾಗೆಯೇ ಹೇಳುತ್ತಾರೆ.

ಇನ್ನು ನಮ್ಮ ಅಡಿಗೆಮನೆಯ ಶಾಸ್ತ್ರ. ಎದೆಹಾಲು ಕುಡಿಸುತ್ತಿರುವ ಬಾಣಂತಿ ಬಸಿರಾಗಳೆಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಮೂರು ಷರತ್ತುಗಳು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲೊಂದೇ ಆಹಾರವಾಗಿರಬೇಕು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ನೆಚ್ಚಿಕೆ ಹೋಯಿತು. ಪರಂಗಿಹಣ್ಣು, ಎಳ್ಳುಂಡೆ, ಕೂಡಿದೊಡನೆ ಎದ್ದು ತೊಳೆದುಕೊಳ್ಳುವುದು, ಇವು ಯಾವುವೂ ಗರ್ಭ ತಡೆಯುವುದಿಲ್ಲ. ಇವುಗಳ ಮೇಲೆ ಹೆಚ್ಚು ಕಾಗದ ಖರ್ಚು ಮಾಡಬೇಕಿಲ್ಲ.

ಹೆಚ್ಚು ಬರೆಯಬೇಕಾದದ್ದು ತುರ್ತು ಗುಳಿಗೆಯ ಬಗ್ಗೆ. ವಸಂತ್ ಕುಂಜದ ಸುತ್ತಮುತ್ತ, ಕಿಶನ್‌ಗಢ, ಮುನೀರಕಾಗಳ ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ನಮ್ಮ ನಾಡಿನ ಹುಡುಗ ಹುಡುಗಿಯರು ಅನೇಕರಿದ್ದಾರೆ. ಓದಲು, ಪರೀಕ್ಷೆಗೆ ತಯಾರಾಗಲು, ಕೆಲಸಕ್ಕೆ ಬಂದವರು. ಅವರಲ್ಲೊಬ್ಬಳು ಹಬ್ಬದ ಊಟಕ್ಕೆ ಬಂದಾಗ ಅಡಿಗೆಮನೆಯಲ್ಲಿ ನಮ್ಮ ಮನೆಯವರ ಬಳಿ ಅತ್ತಳು. ಮೂರು ತಿಂಗಳಲ್ಲಿ ಐದು ಸಲ ಆ ಗುಳಿಗೆ ನುಂಗಿದ್ದಳು. ಮುಟ್ಟು ಏರುಪೇರಾಗಿ ದಿಕ್ಕು ತೋಚದಾಗಿತ್ತು. ‘ಜೊತೆಯ ಹುಡುಗ ಏನೂ ತರಲ್ಲವಾ?’ ಎಂದು ಕೇಳಿದ್ದಕ್ಕೆ, ‘ಗುಳಿಗೆ ಅವನೇ ತಂದುಕೊಡ್ತಾನೆ ಆಂಟಿ’ ಎಂದಳಂತೆ. ಉಪಕಾರ ಎಂದರೆ ಇದು!

ಆ ಗುಳಿಗೆ ಏನೆಂಬುದನ್ನು ಜಾಹೀರಾತು ಹೇಳಿದಷ್ಟು ಗಟ್ಟಿಯಾಗಿ ಅದು ಏನಲ್ಲವೆಂಬುದನ್ನು ಹೇಳುವುದಿಲ್ಲ. ಕೂಡಿದ 72 ಗಂಟೆಯೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ. ಅಂಡಾಣು ಆಗಲೇ ಹೊರಬಿದ್ದಿದ್ದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ನಾಳೆಗೆ ರಕ್ಷಣೆ ಕೊಡುವುದಿಲ್ಲ. ಕಾಂಡೋಮು ಹರಿದಾಗ, ಬಲಾತ್ಕಾರವಾದಾಗ, ಅದು ದೊಡ್ಡ ಆಸರೆ. ಅಂಥ ಗಳಿಗೆಯಲ್ಲಿ ಯಾರೂ ಹಿಂಜರಿಯಬಾರದು. ದಿನನಿತ್ಯದ ವಿಧಾನವಾಗಿ ಮಾತ್ರ ಅದು ಇನ್ನೊಂದು ಮಣಿಸರ. ಗರ್ಭಪಾತದ ಮಾತ್ರೆಯೇ ಬೇರೆ; ಅದನ್ನು ವೈದ್ಯರಿಲ್ಲದೆ ಅಂಗಡಿಯಿಂದ ತಂದು ನುಂಗುವುದು ಜೀವಕ್ಕೆ ಅಪಾಯ.

ನಮ್ಮ ವಿಮರ್ಶೆಯ ಎರಡನೆಯ ಆಕ್ಷೇಪಕ್ಕೆ ಬರುತ್ತೇವೆ. ಸರ್ಕಾರದ ಕುಟುಂಬ ಯೋಜನೆಯ ‘ಸಾಹಿತ್ಯ’ವನ್ನು ಗಮನಿಸಿ. ಕೆಂಪು ತ್ರಿಕೋನ, ‘ನಾವಿಬ್ಬರು ನಮಗಿಬ್ಬರು’, ‘ಆರತಿಗೊಂದು ಕೀರ್ತಿಗೊಂದು’. ಎಲ್ಲವೂ ಎಷ್ಟು ಮಕ್ಕಳು ಎಂಬುದನ್ನು ಹೇಳಿದುವು. ಮೈಯನ್ನು ಹೇಗೆ ಕಾಯ್ದುಕೊಳ್ಳಬೇಕೆಂಬುದನ್ನು ಹೇಳಲಿಲ್ಲ. ಸಂಖ್ಯೆಯೇ ಗುರಿಯಾದಾಗ ಏನಾಗುತ್ತದೆಂಬುದನ್ನು ಈ ದಿಲ್ಲಿ ತುರ್ತುಪರಿಸ್ಥಿತಿಯಲ್ಲಿ ಕಂಡಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದುವು. ಬಹುಪಾಲು ಗಂಡಸರಿಗೆ, ಅನೇಕರಿಗೆ ಬಲವಂತದಿಂದ. ಆ ಭಯದ ಬಡ್ಡಿಯನ್ನು ಅಂದಿನಿಂದ ಹೆಂಗಸರು ತೀರಿಸುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಹೆಂಗಸರ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ನೂರಕ್ಕೆ 38ರಷ್ಟು, ಕರ್ನಾಟಕದಲ್ಲಿ 57ರಷ್ಟು. ಗಂಡಸರದು ದೇಶದಲ್ಲಿ ಸಾವಿರಕ್ಕೆ 3. ಕಾಂಡೋಮು ನೂರಕ್ಕೆ ಒಂಬತ್ತೂವರೆ. ಹಳೆಯ, ನೆಚ್ಚಲಾಗದ ವಿಧಾನಗಳಲ್ಲೇ ಇರುವವರು ನೂರಕ್ಕೆ 10. ಅಂದರೆ ಹತ್ತರಲ್ಲಿ ಒಂದು ಮನೆಯಲ್ಲಿ ಮಣಿಸರ ಇನ್ನೂ ನೇತಾಡುತ್ತಿದೆ.

ನಮ್ಮ ಕಚೇರಿಗಳ ಕಥೆಯೂ ಇದೇ. ಚಿಕ್ಕ ಕುಟುಂಬಕ್ಕೆಂದು ಕೇಂದ್ರ ನೌಕರರಿಗೆ ಸಿಗುತ್ತಿದ್ದ ವಿಶೇಷ ಭತ್ಯೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮಾತ್ರ. ಹದಿನೈದು ವರ್ಷ ನಿಷ್ಠೆಯಿಂದ ನಿರೋಧ್ ಬಳಸಿದವನಿಗೆ ನಯಾಪೈಸೆಯಿಲ್ಲ. 2017ರ ಜುಲೈಯಿಂದ ಆ ಭತ್ಯೆಯೂ ನಿಂತಿತು. ವಿಶೇಷ ಸಾಂದರ್ಭಿಕ ರಜೆ ಉಳಿದಿದೆ. ಆಸ್ಪತ್ರೆಯ ಆ ದಿನದ ನಂತರ ಎರಡು ತಿಂಗಳು ಹಿಂಜರಿದು ನಾವು ಆ ರಜೆಗೆ ಅರ್ಜಿ ಹಾಕಿದೆವು. ವಿಭಾಗದಲ್ಲಿ ಅದನ್ನು ಗಟ್ಟಿಯಾಗಿ ಓದಿ ನಕ್ಕವರಿದ್ದರು. ಹೊಲಿಗೆಯಿಲ್ಲದ ಆ ಚಿಕಿತ್ಸೆ ಮುಗಿಯಲು ಹಿಡಿದದ್ದು ಅರ್ಧಗಂಟೆಯೊಳಗೆ. ಅದೇ ದಿನ ನಡೆದು ಮನೆಗೆ ಬಂದೆವು. ಗಂಡಸುತನಕ್ಕೆ ಕುಂದೇನೂ ಬಂದಿಲ್ಲವೆಂದು ನಕ್ಕವರ ಅವಗಾಹನೆಗೆ ತರುತ್ತೇವೆ. ಒಂದು ಎಚ್ಚರಿಕೆ: ಚಿಕಿತ್ಸೆಯಾದ ಮೂರು ತಿಂಗಳು ಬೇರೆ ಸಾಧನ ಬೇಕೇ ಬೇಕು, ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ಮಣಿಸರವಾಗಲಿ, ಗುಳಿಗೆಯಾಗಲಿ, ವಂಕಿಯಾಗಲಿ, ನಾವು ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯೇ ಆಗಲಿ, ರೋಗವನ್ನು ತಡೆಯುವುದಿಲ್ಲ. ಎಚ್.ಐ.ವಿ. ಭಾರತದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ. ಮುಂದೆ ಅದು ಹೆಚ್ಚಾಗಿ ಹರಡಿದ ಆರು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಗಂಡನನ್ನು ಬಿಟ್ಟು ಬೇರೊಬ್ಬನನ್ನು ಕಂಡರಿಯದ ಎಷ್ಟೋ ಹೆಂಗಸರಿಗೆ ಗಂಡನಿಂದಲೇ ಅದು ಬಂತು. ಆ ಮನೆಗಳಲ್ಲೂ ಆಪರೇಶನ್ ಆಗಿತ್ತು, ‘ಇನ್ನೇನು ಭಯ’ ಎಂಬ ಧೈರ್ಯವೂ ಇತ್ತು. ಗರ್ಭ ಮತ್ತು ರೋಗ ಎರಡಕ್ಕೂ ಅಡ್ಡ ನಿಲ್ಲುವುದು ಕಾಂಡೋಮು ಮಾತ್ರ. 1968ರಲ್ಲಿ ಸರ್ಕಾರ ಅಗ್ಗದ ಬೆಲೆಗೆ ‘ನಿರೋಧ್’ ತಂದಾಗ ಜನ ಅದನ್ನು ನಗೆಚಾಟಿಕೆಯ ವಸ್ತುವಾಗಿಸಿದರು. ಆ ನಗೆಗೆ ನಾವು ತೆತ್ತ ಬೆಲೆ ಕಡಿಮೆಯದಲ್ಲ. ಇದನ್ನು ಚೆನ್ನಾಗಿ ಅರಿತವರು ನಾವು ಸಭ್ಯರೆಂದು ಕರೆಯದ ಜನ. ಮೈಸೂರಿನಲ್ಲಿ ‘ಅಶೋದಯ ಸಮಿತಿ’ ಎಂದು ಲೈಂಗಿಕ ವೃತ್ತಿಯವರು ತಾವೇ ಕಟ್ಟಿಕೊಂಡ ಸಂಘವಿದೆ. ಕಾಂಡೋಮಿಲ್ಲದೆ ಆಗದು ಎಂದು ಗಿರಾಕಿಗೆ ಹೇಳುವ ಧೈರ್ಯ ಒಬ್ಬೊಬ್ಬರೇ ಇದ್ದಾಗ ಬರುವುದಿಲ್ಲ. ಸಂಘ ಕಟ್ಟಿದರೆ ಬರುತ್ತದೆ. ನಮ್ಮ ಮನೆಗಳ ಹೆಂಗಸರು ತಮ್ಮ ಗಂಡಂದಿರಿಗೆ ಅದೇ ಮಾತು ಹೇಳಬಲ್ಲರೆ?

ಕಾಂಡೋಮಿಗೂ ಶಿಸ್ತು ಬೇಕು. ನೂರಕ್ಕೆ 13 ಮತ್ತು 2ರ ನಡುವಿನ ಅಂತರವೇ ಆ ಶಿಸ್ತು. ಪೊಟ್ಟಣದ ಮೇಲಿನ ತಾರೀಖು ನೋಡಬೇಕು. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟು ಬಿಸಿಗೆ ಕೆಡಿಸಬಾರದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರಿದರೆ ರಬ್ಬರು ಬಲಗುಂದಿ ಹರಿಯುತ್ತದೆ. ಎರಡನ್ನು ಒಂದರ ಮೇಲೊಂದು ಹಾಕಬಾರದು. ತುದಿಯಲ್ಲಿ ಗಾಳಿ ಉಳಿಯದಂತೆ ಹಿಡಿದು, ಮೊದಲಿನಿಂದ ಕೊನೆಯವರೆಗೂ ಧರಿಸಿರಬೇಕು. ಬಸಿರು ಖಂಡಿತ ಬೇಡವೆನ್ನುವವರು ಹೆಂಗಸಿನ ಕಡೆ ವಂಕಿಯೋ ಗುಳಿಗೆಯೋ, ಗಂಡಸಿನ ಕಡೆ ಕಾಂಡೋಮು, ಎರಡನ್ನೂ ಬಳಸುವುದು ಜಾಣತನ. ಅನುಮಾನವಿದ್ದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, 1097ಕ್ಕೆ ಫೋನು ಮಾಡಿದರೆ ಹೆಸರು ಹೇಳದೆ ಮಾತಾಡಬಹುದು.

ಮಣಿಸರಕ್ಕೂ ನ್ಯಾಯ ಸಲ್ಲಬೇಕು. ಈಗಿನ ಕಾಲದಲ್ಲಿ ಅದನ್ನು ತಿದ್ದಿ, 32 ಮಣಿಗಳ ಹೊಸ ಸರ ಮಾಡಿದ್ದಾರೆ. 26ರಿಂದ 32 ದಿನದ ಚಕ್ರವಿರುವವರಿಗೆ ಮಾತ್ರ, 8ರಿಂದ 19ನೆಯ ದಿನ ದೂರವಿರಬೇಕು. ಕಟ್ಟುನಿಟ್ಟಾಗಿ ನಡೆದರೆ ಸೋಲು ನೂರಕ್ಕೆ 5, ಸಾಮಾನ್ಯ ಬಳಕೆಯಲ್ಲಿ 12. ಔಷಧ ಸಾಧನ ಯಾವುದೂ ಬೇಡವೆನ್ನುವ, ‘ಆದರೆ ಆಗಲಿ’ ಎನ್ನುವ ದಂಪತಿಗಳಿಗೆ ಅದು ಸಾಕಾದೀತು. ಆಗಲೇಬಾರದು ಎನ್ನುವವರಿಗೆ ಸಾಲದು. ಮೊಬೈಲಿನೊಳಗಿನ ಕ್ಯಾಲೆಂಡರುಗಳಿಗೂ ಇದೇ ಮಾತು. ಗಾಜಿನ ಮೇಲೆ ಹೊಳೆದರೂ ಮಣಿ ಮಣಿಯೇ.

ಕನ್ನಡಿಗರಿಗೆ ಈ ವಿಷಯದಲ್ಲಿ ಹೆಮ್ಮೆಪಡುವ ಹಿನ್ನೆಲೆಯಿದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಒಪ್ಪಿತು. ಆಗ ಜಗತ್ತಿನ ಎಷ್ಟೋ ಸರ್ಕಾರಗಳು ಅದರ ಹೆಸರೆತ್ತಲು ಅಂಜುತ್ತಿದ್ದುವು. ಡಾ. ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ಗಳ ಮೂಲಕ ಮೈಯ ಮಾತನ್ನು ಶುದ್ಧವಾದ ಕನ್ನಡದಲ್ಲಿ ಮನೆಮನೆಗೆ ತಂದರು. ಅಂಥ ನಾಡು 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಬೇಡವೆಂದ ರಾಜ್ಯಗಳ ಸಾಲಿಗೆ ಸೇರಿತು. ಮುಂದೆ ಹೋದವರು ಹಿಂದಿರುಗಿ ಬಂದಂತೆ.

ಲೋದಿ ಕಾಲೊನಿಯ ಗೋಡೆಗಳ ಮೇಲೆ ಈಗ ದೊಡ್ಡ ದೊಡ್ಡ ಚಿತ್ರಗಳಿವೆ. ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಕಳೆದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ನಾವೂ ಹೋಗಿದ್ದೆವು. ಆ ಕಮಾನುಗಳ ಹಿಂದಿನ ಯಾವುದೋ ಮನೆಯಲ್ಲಿ ಎಪ್ಪತ್ತು ವರ್ಷದ ಹಿಂದೆ ಒಬ್ಬ ಗುಮಾಸ್ತನ ಹೆಂಡತಿ ಕತ್ತಲಲ್ಲಿ ಮಣಿ ತಡಕುತ್ತಿದ್ದಳೆಂದು ನಮಗೆ ಅನ್ನಿಸಿತು. ‘ಅಪ್ಪ, ಇಲ್ಲಿ ಏನಿತ್ತು?’ ಎಂದು ಮಗಳು ಕೇಳಿದಳು. ಮನೆಯವರು ನಮ್ಮ ಮುಖ ನೋಡಿದರು. ಅವಳಿಗೀಗ ಹದಿಮೂರು. ಹೇಳೋಣವೆಂದು ಇಬ್ಬರೂ ಒಪ್ಪಿ, ಅಲ್ಲೇ ಒಂದು ಬೆಂಚಿನ ಮೇಲೆ ಕೂತು, ಸರದ ಕಥೆಯಿಂದಲೇ ಶುರುಮಾಡಿದೆವು.